ಟೇಬಲ್ ಸಾನಲ್ಲಿ ಮರ ಸುಡುತ್ತಿದೆಯಾ? ಬ್ಲೇಡ್ ಬಿಚ್ಚುವ ಮೊದಲು ಕಲೆ ನೋಡಿ

ಟೇಬಲ್ ಸಾನಲ್ಲಿ, ಅಂದರೆ ಮೇಜಿನ ನಡುವಿಂದ ದುಂಡು ಬ್ಲೇಡ್ ಮೇಲೆದ್ದು ತಿರುಗುವ ಮಷೀನಿನಲ್ಲಿ, ಹಲಗೆ ಸೀಳಿ ಎತ್ತಿ ನೋಡಿದರೆ ಅಂಚು ಕಂದಾಗಿದೆ, ಅಲ್ಲಲ್ಲಿ ಕಪ್ಪು. ಸುಟ್ಟ ವಾಸನೆ ಬೇರೆ. ಇಂಥ ಹೊತ್ತಲ್ಲಿ ಹೆಚ್ಚಿನ ಆಪರೇಟರ್‌ಗಳು ಮಾಡುವ ಕೆಲಸ ಒಂದೇ: ಬ್ಲೇಡ್ ಬಿಚ್ಚಿ ಸಾಣೆಗೆ ಕಳಿಸುವುದು. ಬ್ಲೇಡ್ ವಾಪಸ್ ಬರುತ್ತದೆ, ಸ್ವಲ್ಪ ದಿನ ಚೆನ್ನಾಗಿ ಓಡುತ್ತದೆ, ಆಮೇಲೆ ಮತ್ತೆ ಅದೇ ಕತೆ. ಫೆನ್ಸ್, ಅಂದರೆ ಹಲಗೆಯನ್ನು ನೇರವಾಗಿ ನಡೆಸುವ ಪಕ್ಕದ ಆಸರೆ ಪಟ್ಟಿ, ಓರೆಯಾಗಿದ್ದರೂ ಹೊಸ ಚೂಪು ಅದನ್ನು ಕೆಲವು ದಿನ ಮುಚ್ಚಿಡುತ್ತದೆ, ಅಷ್ಟೇ. ಓರೆ ಹಾಗೇ ಉಳಿದಿರುತ್ತದೆ.

ಬ್ಲೇಡ್ ನಿಜವಾಗಿಯೂ ಮೊಂಡಾಗಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದು ಹತ್ತು ಕಾರಣಗಳಲ್ಲಿ ಒಂದು. ಯಾವ ಕಾರಣ ಅಂತ ಹುಡುಕಲು ಮಷೀನ್ ಬಿಚ್ಚಬೇಕಾಗಿಲ್ಲ. ಸುಟ್ಟ ತುಂಡು ನಿಮ್ಮ ಕೈಯಲ್ಲೇ ಇದೆ. ಕಲೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು, ಯಾವ ತುಂಡಿನ ಮೇಲಿದೆ ಅನ್ನುವುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಮೊದಲು ಸುಡುವುದು ಹೇಗೆ ಅಂತ ನೋಡೋಣ. 10 ಇಂಚಿನ ಬ್ಲೇಡ್ ನಿಮಿಷಕ್ಕೆ 4000 ಸುತ್ತು ತಿರುಗಿದರೆ ಹಲ್ಲಿನ ತುದಿ ಸೆಕೆಂಡಿಗೆ ಸುಮಾರು 53 ಮೀಟರ್ ಓಡುತ್ತದೆ. ಗಂಟೆಗೆ ಲೆಕ್ಕ ಹಾಕಿದರೆ 190 ಕಿಲೋಮೀಟರ್ ಆಸುಪಾಸು. ಆ ವೇಗದಲ್ಲಿ ಹಲ್ಲು ಮರವನ್ನು ಕತ್ತರಿಸಿಕೊಂಡು ಹೋದರೆ ಬಿಸಿಯೆಲ್ಲ ಹೊಟ್ಟಿನ ಜೊತೆ ಹೊರಗೆ ಹಾರುತ್ತದೆ. ಕತ್ತರಿಸದೆ ಸುಮ್ನೆ ಉಜ್ಜಿದರೆ ಅಲ್ಲೇ ಸುಡುತ್ತದೆ. ಸಾಮಾನ್ಯ ಕಾರ್ಬೈಡ್ ಬ್ಲೇಡಿನಲ್ಲಿ ಹಲ್ಲಿನ ಅಗಲ 3.2 ಮಿ.ಮೀ., ಹಲ್ಲು ಕೂತಿರುವ ತಟ್ಟೆಯ ದಪ್ಪ 2.2 ಮಿ.ಮೀ. ಇರುತ್ತದೆ ಅಂದುಕೊಳ್ಳಿ. ಪ್ರತಿ ಬದಿಗೆ ಸಿಗುವ ಜಾಗ ಬರೀ ಅರ್ಧ ಮಿಲಿಮೀಟರ್. ಆ ಅರ್ಧ ಮಿಲಿಮೀಟರನ್ನು ಯಾರು ತಿಂದರು ಅನ್ನುವುದೇ ನಾವು ಹುಡುಕಬೇಕಾದದ್ದು. ಫೆನ್ಸಾ, ಮರವಾ, ಅಂಟಾ, ಅಲುಗಾಡುವ ಬ್ಲೇಡಾ?

ಇದನ್ನು ಬರೀ ಅಂದಚಂದದ ವಿಷಯ ಅಂದುಕೊಳ್ಳಬೇಡಿ. ಮರ ಬ್ಲೇಡಿನ ಹಿಂಭಾಗಕ್ಕೆ ಒತ್ತಿಕೊಂಡಾಗಲೇ ಸುಡುವುದು ಜಾಸ್ತಿ. ಹಿಂಭಾಗದ ಹಲ್ಲುಗಳು ಮೇಲಕ್ಕೆ ಏಳುತ್ತಿರುತ್ತವೆ. ಅವು ಮರವನ್ನು ಕಚ್ಚಿ ಎತ್ತಿದರೆ ಹಲಗೆ ನಿಮ್ಮ ಕಡೆಗೇ ಹಾರಿ ಬರುತ್ತದೆ. ಕಿಕ್‌ಬ್ಯಾಕ್ ಅನ್ನುವುದು ಅದನ್ನೇ. ಹಾಗಾಗಿ ಮರ ಸುಡಲು ಶುರುವಾಯಿತು ಅಂದರೆ ಕಾರಣ ಸಿಗುವವರೆಗೆ ಉತ್ಪಾದನೆ ನಿಲ್ಲಿಸಿ. ಅಳತೆ ತೆಗೆಯುವಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಟೇಬಲ್ ಮೇಲೆ ಇಡಿ. ಪ್ಲಗ್ ಇಲ್ಲದ ದೊಡ್ಡ ಮಷೀನ್ ಆದರೆ ಮೇನ್ ಇಳಿಸಿ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ಪರೀಕ್ಷೆಗೆ ಕೊಯ್ಯುವಾಗ ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಕೈಗವಸು ಹಾಕಬೇಡಿ, ಮರ ತಳ್ಳುವ ಕೋಲು (ಪುಶ್ ಸ್ಟಿಕ್) ಬಿಡಬೇಡಿ.

ಕಲೆ ಏನು ಹೇಳುತ್ತದೆ

ಫೆನ್ಸ್ ನಿಮ್ಮ ಬಲಕ್ಕಿದೆ ಅಂತ ಇಟ್ಟುಕೊಳ್ಳೋಣ. ಸೀಳಿದ ಮೇಲೆ ಎರಡು ತುಂಡು ಸಿಗುತ್ತವೆ. ಫೆನ್ಸಿಗೆ ಅಂಟಿಕೊಂಡು ಹೋದದ್ದು ಒಂದು, ಎಡಕ್ಕೆ ಬಿದ್ದದ್ದು ಇನ್ನೊಂದು. ಎರಡನ್ನೂ ಕೊಯ್ದ ಅಂಚು ಮೇಲೆ ಮಾಡಿ ಬೆಳಕಿಗೆ ಹಿಡಿಯಿರಿ.

ಫೆನ್ಸ್ ಕಡೆಯ ತುಂಡು ಮಾತ್ರ ಸುಟ್ಟಿದ್ದರೆ, ಆ ತುಂಡು ಫೆನ್ಸಿಗೂ ಬ್ಲೇಡಿಗೂ ನಡುವೆ ಸಿಕ್ಕಿ ಹಿಂಡಿಕೊಂಡಿದೆ. ಫೆನ್ಸಿನ ಹಿಂತುದಿ ಬ್ಲೇಡಿನ ಕಡೆಗೆ ಬಾಗಿದೆ, ಇಲ್ಲವೇ ಬ್ಲೇಡೇ ಓರೆಯಾಗಿ ಅದರ ಹಿಂಭಾಗ ಫೆನ್ಸ್ ಕಡೆ ತಿರುಗಿದೆ. ಎಲ್ಲಕ್ಕಿಂತ ಅಪಾಯದ ಕಲೆ ಇದೇ.

ಎಡಕ್ಕೆ ಬಿದ್ದ ತುಂಡು ಮಾತ್ರ ಸುಟ್ಟಿದ್ದರೆ ಇದರ ಉಲ್ಟಾ. ಫೆನ್ಸ್ ಹಿಂದೆ ಹೋಗುತ್ತಾ ಬ್ಲೇಡಿನಿಂದ ಜಾಸ್ತಿ ದೂರ ಸರಿಯುತ್ತಿದೆ. ಹಲಗೆ ಅದನ್ನೇ ಹಿಂಬಾಲಿಸಿ ಬಲಕ್ಕೆ ಜಾರುತ್ತದೆ, ಎಡ ತುಂಡಿನ ಗೋಡೆ ಬ್ಲೇಡಿನ ಹಿಂಭಾಗಕ್ಕೆ ಉಜ್ಜುತ್ತದೆ. ಆ ತುಂಡು ತಾನಾಗಿಯೇ ಬಾಗಿ ಒಳಗೆ ಬಂದಿರಲೂಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಎರಡೂ ತುಂಡು, ಉದ್ದಕ್ಕೂ, ಒಂದೇ ಸಮ ಸುಟ್ಟಿದ್ದರೆ ಆಗ ಮಾತ್ರ ಬ್ಲೇಡನ್ನು ಮೊದಲು ಅನುಮಾನಿಸಿ. ಮೊಂಡು, ಅಂಟು ಹಿಡಿದದ್ದು, ಹಲ್ಲು ಜಾಸ್ತಿ ಇರುವುದು, ಉಲ್ಟಾ ಹಾಕಿರುವುದು. ನಗಬೇಡಿ, ಉಲ್ಟಾ ಹಾಕುವವರು ಇದ್ದಾರೆ. ಟೇಬಲ್ ಮೇಲೆ ಕಾಣುವ ಹಲ್ಲುಗಳ ಮುಖ ನಿಮ್ಮ ಕಡೆಗಿರಬೇಕು.

ಒಂದೇ ಕಡೆ ಗಾಢ ಪಟ್ಟೆ ಇದ್ದು ಉಳಿದದ್ದು ಶುಭ್ರವಾಗಿದ್ದರೆ ಅದು ಮಷೀನಿನ ದೋಷ ಅಲ್ಲ. ಅಲ್ಲಿ ನಿಮ್ಮ ಕೈ ನಿಂತಿದೆ. ಉದ್ದ ಹಲಗೆಯಲ್ಲಿ ಕೈ ಬದಲಿಸುವಾಗ ಅರೆಕ್ಷಣ ತಡವಾದರೂ ಸಾಕು, ಗುರುತು ಬೀಳುತ್ತದೆ. ಕೊನೆಯ ಒಂದು ಗೇಣು ಮಾತ್ರ ಸುಟ್ಟರೆ ಹಿಂದಿನ ಆಸರೆ ನೋಡಿ. ರೋಲರ್ ಸ್ಟ್ಯಾಂಡ್ ತಗ್ಗಿನಲ್ಲಿದ್ದರೆ ಹಲಗೆ ಕೊನೆಯಲ್ಲಿ ಜೋತು ಬೀಳುತ್ತದೆ, ನೀವು ಅದನ್ನು ಅದುಮುವುದರಲ್ಲಿ ತಳ್ಳುವುದನ್ನು ನಿಧಾನಿಸುತ್ತೀರಿ.

ಆರಂಭ ಶುಭ್ರ, ಹೋಗುತ್ತಾ ಹೋಗುತ್ತಾ ಕಪ್ಪು ಅಂದರೆ ಕಾರಣ ಹೆಚ್ಚಾಗಿ ಮರದ ಒಳಗೇ ಇರುತ್ತದೆ.

ಬಣ್ಣದ ಜೊತೆ ಹಲ್ಲಿನ ಗೆರೆಗಳನ್ನೂ ನೋಡಿ. ಬ್ಲೇಡಿನ ಮುಂಭಾಗದ ಹಲ್ಲು ಮರದ ಮೇಲೆ ಒಂದು ದಿಕ್ಕಿಗೆ ಬಾಗಿದ ಗೆರೆ ಬಿಡುತ್ತದೆ. ಹಿಂಭಾಗದ ಹಲ್ಲು ತಾಗಿದರೆ ಅದರ ವಿರುದ್ಧ ದಿಕ್ಕಿಗೆ ಬಾಗಿದ ಗೆರೆ ಬೀಳುತ್ತದೆ. ಎರಡೂ ಗೆರೆ ಒಂದರ ಮೇಲೊಂದು ಬಲೆಯ ಹಾಗೆ ಹಾದು ಹೋಗಿದ್ದರೆ ಹಿಂಭಾಗ ತಾಗುತ್ತಿದೆ ಅಂತ ಅರ್ಥ. ಎರಡೂ ತುಂಡಿನ ಮೇಲೆ ಈ ಬಲೆ ತೆಳುವಾಗಿ, ಸಮನಾಗಿ ಕಂಡರೆ ಚಿಂತೆ ಬೇಡ. ಒಂದೇ ತುಂಡಿನ ಮೇಲೆ ಆಳವಾಗಿ ಕಂಡರೆ ಓರೆ ಇದೆ. ಇನ್ನೂ ಸುಡದ ಅಂಚಿನಲ್ಲೂ ಈ ಗೆರೆ ಮೊದಲೇ ಕಾಣಿಸುತ್ತದೆ. ಅದಕ್ಕೇ ನನಗೆ ಬಣ್ಣಕ್ಕಿಂತ ಗೆರೆಯ ಮೇಲೆ ನಂಬಿಕೆ ಜಾಸ್ತಿ.

ಬ್ಲೇಡಾ, ಫೆನ್ಸಾ? ಒಂದು ಅಡ್ಡ ಕೊಯ್ತ ಸಾಕು

ಫೆನ್ಸನ್ನು ಪೂರ್ತಿ ಪಕ್ಕಕ್ಕೆ ಸರಿಸಿ. ಅಗಲವಾದ, ಒಣಗಿದ, ಗಂಟಿಲ್ಲದ ಹಲಗೆ ತುಂಡನ್ನು, ಅಡ್ಡ ಕೊಯ್ಯುವಾಗ ಮರ ಹಿಡಿದು ತಳ್ಳುವ ಮೈಟರ್ ಗೇಜ್‌ಗೆ ಹಿಡಿದು ಅಡ್ಡ ಕೊಯ್ಯಿರಿ. ಈಗ ಮರವನ್ನು ನಡೆಸುತ್ತಿರುವುದು ಮೈಟರ್ ಗಾಡಿ (ಟೇಬಲ್ ಮೇಲೆ ಆ ಗೇಜ್ ಜಾರುವ ಉದ್ದ ಕಾಲುವೆ), ಫೆನ್ಸ್ ಅಲ್ಲ.

ಈ ಕೊಯ್ತ ಶುಭ್ರವಾಗಿ ಬಂದು, ಫೆನ್ಸ್ ಹಿಡಿದು ಸೀಳಿದಾಗ ಮಾತ್ರ ಸುಡುತ್ತಿದ್ದರೆ ಬ್ಲೇಡ್ ಮತ್ತು ಮೈಟರ್ ಗಾಡಿ ಒಂದಕ್ಕೊಂದು ನೇರವಾಗಿವೆ. ತಪ್ಪು ಫೆನ್ಸಿನದು, ಮರದ್ದು, ಇಲ್ಲ ತಳ್ಳುವ ಕೈಯದು. ಅಡ್ಡ ಕೊಯ್ತದಲ್ಲೂ ಒಂದು ಬದಿಗೆ ಹಿಂಭಾಗದ ಹಲ್ಲಿನ ಗೆರೆ ಗಟ್ಟಿಯಾಗಿ ಬಿದ್ದರೆ ಬ್ಲೇಡೇ ಗಾಡಿಗೆ ಓರೆ. ಫೆನ್ಸನ್ನು ಎಷ್ಟು ತಿದ್ದಿದರೂ ಆಗ ಪ್ರಯೋಜನ ಇಲ್ಲ. ಎರಡು ನಿಮಿಷದ ಈ ಪರೀಕ್ಷೆ ಬಿಟ್ಟು ನೇರವಾಗಿ ಸ್ಪ್ಯಾನರ್ ಎತ್ತಿಕೊಳ್ಳುವುದರಿಂದಲೇ ಸರಿಯಿದ್ದ ಮಷೀನ್‌ಗಳೂ ಕೆಡುತ್ತವೆ.

ಬ್ಲೇಡ್ ಓರೆ ಅನ್ನಿಸಿದರೆ ಅಳೆಯುವುದು ಹೀಗೆ. ಪ್ಲಗ್ ಕಿತ್ತು ಬ್ಲೇಡನ್ನು ಪೂರ್ತಿ ಮೇಲಕ್ಕೆತ್ತಿ. ಒಂದು ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿ. ಆ ಹಲ್ಲನ್ನು ಮುಂಭಾಗಕ್ಕೆ ತಂದು ಮೈಟರ್ ಗಾಡಿಯಿಂದ ಅದಕ್ಕಿರುವ ದೂರ ಅಳೆಯಿರಿ. ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಹಲ್ಲನ್ನು ಹಿಂಭಾಗಕ್ಕೆ ತಂದು ಮತ್ತೆ ಅಳೆಯಿರಿ. ಅದೇ ಹಲ್ಲು ಅನ್ನುವುದು ಇಲ್ಲಿ ಮುಖ್ಯ. ಬೇರೆ ಬೇರೆ ಹಲ್ಲಿನಲ್ಲಿ ಅಳೆದರೆ ಬ್ಲೇಡಿನ ಸೊಟ್ಟವೂ ಲೆಕ್ಕದಲ್ಲಿ ಸೇರಿ ದಾರಿ ತಪ್ಪಿಸುತ್ತದೆ. ಸಣ್ಣ ವ್ಯತ್ಯಾಸವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮೈಟರ್ ಗೇಜ್‌ಗೆ ಒಂದು ಮರದ ತುಂಡು ಬಿಗಿದು, ಅದರ ತುದಿಗೆ ಸ್ಕ್ರೂ ಹಾಕಿ, ಸ್ಕ್ರೂ ತಲೆಗೂ ಹಲ್ಲಿಗೂ ನಡುವೆ ಫಿಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ. ಮುಂದಿನ ಮತ್ತು ಹಿಂದಿನ ಅಳತೆಗಳ ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ಕೈ ಹಾಕಬೇಡಿ.

ಅದಕ್ಕಿಂತ ಜಾಸ್ತಿ ಇದ್ದರೆ ತಿದ್ದಬೇಕು. ದೊಡ್ಡ ಕ್ಯಾಬಿನೆಟ್ ಮಾದರಿಯಲ್ಲಿ ಟೇಬಲನ್ನು ಬಿಗಿದ ಬೋಲ್ಟ್‌ಗಳನ್ನು ಸಡಿಲಿಸಿ ಟೇಬಲನ್ನೇ ಸರಿಸುತ್ತೇವೆ. ಚಿಕ್ಕ ಮಷೀನಿನಲ್ಲಿ ಟೇಬಲ್ ಅಡಿಯಲ್ಲಿ ಬ್ಲೇಡಿನ ಜೋಡಣೆಯನ್ನು ಹಿಡಿದಿರುವ ಟ್ರನಿಯನ್ ಬೋಲ್ಟ್‌ಗಳನ್ನು ಸಡಿಲಿಸಬೇಕು. ಒಂದು ಬೋಲ್ಟನ್ನು ಅರೆಬಿಗಿಯಾಗಿ ಬಿಡಿ. ಅದರ ಸುತ್ತ ತಿರುಗಿಸಿದರೆ ಅಳತೆ ಕೈಗೆ ಸಿಗುತ್ತದೆ. ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಬಿಗಿಯುವಾಗಲೇ ಸರಿಯುವುದು ಇದರ ಚಾಳಿ.

ಬ್ಲೇಡ್ ನೇರವಾದ ಮೇಲೆಯೇ ಫೆನ್ಸ್. ಫೆನ್ಸನ್ನು ಮೈಟರ್ ಗಾಡಿಯ ಅಂಚಿಗೆ ತಂದು ಲಾಕ್ ಮಾಡಿ, ಆಮೇಲೆ ಮುಂದೆ ಹಿಂದೆ ಅಳೆಯಿರಿ. ಲಾಕ್ ಮಾಡದೆ ಅಳೆದ ಅಳತೆ ಕೆಲಸಕ್ಕೆ ಬಾರದು, ಏಕೆಂದರೆ ಲಿವರ್ ಒತ್ತುವಾಗ ಎಷ್ಟೋ ಫೆನ್ಸ್‌ಗಳ ಹಿಂತುದಿ ಕುಣಿಯುತ್ತದೆ. ಸಮಾನಾಂತರ ಇದ್ದರೆ ಸರಿ. ಹಿಂದೆ 0.1 ಮಿ.ಮೀ.ನಷ್ಟು ಬ್ಲೇಡಿನಿಂದ ದೂರ ಸರಿದಿದ್ದರೂ ನಡೆಯುತ್ತದೆ. ಬ್ಲೇಡಿನ ಕಡೆಗೆ ಮಾತ್ರ ಕೂದಲೆಳೆಯಷ್ಟೂ ಬರಬಾರದು. ನೇರ ಪಟ್ಟಿಯೊಂದನ್ನು ಫೆನ್ಸಿನ ಮುಖಕ್ಕೆ ಹಿಡಿದು ಅದು ಹೊಟ್ಟೆ ಬಿಟ್ಟಿದೆಯಾ ಅಂತಲೂ ನೋಡಿ. ಎರಡು ತುದಿಯ ಅಳತೆ ಸರಿ ಇದ್ದು ನಡುವೆ ಉಬ್ಬಿದ್ದರೆ ಅಳತೆ ಸರಿ ಅನ್ನುತ್ತದೆ, ಮರ ಸುಡುತ್ತಲೇ ಇರುತ್ತದೆ.

ಬ್ಲೇಡಿನ ಸರದಿ

ಕಾರ್ಬೈಡ್ ಹಲ್ಲಿನ ತುದಿಯನ್ನು ದೀಪಕ್ಕೆ ಹಿಡಿಯಿರಿ. ಚೂಪಾದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ. ಮೊಂಡಾದ ಅಂಚಿನಲ್ಲಿ ತೆಳುವಾದ ಬಿಳಿ ಗೆರೆ ಮಿನುಗುತ್ತದೆ. ಉಗುರಿನ ಮೇಲೆ ಎಳೆದು ನೋಡುವುದಕ್ಕಿಂತ ಈ ಪರೀಕ್ಷೆ ಎಷ್ಟೋ ವಾಸಿ. ತೇಗ ಜಾಸ್ತಿ ಕೊಯ್ಯುವವರಿಗೆ ಈ ಗೆರೆ ಬೇಗ ಕಾಣುತ್ತದೆ. ಆ ಮರದಲ್ಲಿ ಸಿಲಿಕಾ ಇರುವುದರಿಂದ ಅಂಚು ಬೇಗ ಸವೆಯುತ್ತದೆ.

ಅಂಚು ಚೂಪಾಗಿದ್ದೂ ಹಲ್ಲಿನ ಪಕ್ಕದಲ್ಲಿ ಕಂದು ಬಣ್ಣದ ಅಂಟು ಕೂತಿದ್ದರೆ ಸಾಣೆ ಬೇಕಿಲ್ಲ, ಸ್ನಾನ ಸಾಕು. ಮೊದಲು ಹೇಳಿದ ಅರ್ಧ ಮಿಲಿಮೀಟರನ್ನು ತಿನ್ನುವುದು ಇದೇ ಅಂಟು. ಬ್ಲೇಡ್ ಬಿಚ್ಚಿ, ಪಾತ್ರೆ ತೊಳೆಯುವ ದ್ರವ ಅಥವಾ ವಾಷಿಂಗ್ ಸೋಡಾ ಕಲಸಿದ ಬೆಚ್ಚನೆ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ, ನೈಲಾನ್ ಬ್ರಷ್‌ನಿಂದ ಉಜ್ಜಿ, ತಕ್ಷಣ ಒರೆಸಿ ಒಣಗಿಸಿ. ಕಾಸ್ಟಿಕ್ ಇರುವ ತೀಕ್ಷ್ಣ ಕ್ಲೀನರ್ ಬೇಡ. ಚಾಕುವಿನಿಂದ ಕೆರೆಯುವುದೂ ಬೇಡ, ಕಾರ್ಬೈಡ್ ಗಟ್ಟಿಯಾದರೂ ಬೇಗ ಚಕ್ಕೆ ಏಳುತ್ತದೆ.

ಹಲ್ಲಿನ ಲೆಕ್ಕವೂ ನೋಡಿ. ಉದ್ದಕ್ಕೆ ಸೀಳಲು 10 ಇಂಚಿನ ಬ್ಲೇಡಿಗೆ 24 ಹಲ್ಲು ಸಾಕು. 60, 80 ಹಲ್ಲಿನದು ಅಡ್ಡ ಕೊಯ್ಯಲು, ಪ್ಲೈವುಡ್‌ಗೆ. 80 ಹಲ್ಲಿನ ಬ್ಲೇಡಿನಲ್ಲಿ ದಪ್ಪ ಗಟ್ಟಿಮರ ಸೀಳಿದರೆ ಹಲ್ಲುಗಳ ನಡುವಿನ ಗುಳಿ ಹೊಟ್ಟಿನಿಂದ ತುಂಬಿಹೋಗುತ್ತದೆ, ಹೊಟ್ಟು ಹೊರಗೆ ಹೋಗಲು ಜಾಗ ಇಲ್ಲದೆ ಅಲ್ಲೇ ಉಜ್ಜುತ್ತದೆ. ನುಣುಪಾಗಿ ಬರಲಿ ಅಂತ ಹಲ್ಲು ಜಾಸ್ತಿ ಇರುವ ಬ್ಲೇಡ್ ಹಾಕಿ ಅಂಚು ಸುಟ್ಟುಕೊಳ್ಳುವುದು ತೀರಾ ಸಾಮಾನ್ಯ. ಮಷೀನಿನ ಕೆಳಗೆ ಬಿದ್ದದ್ದನ್ನು ಬೆರಳಿಗೆ ತೆಗೆದುಕೊಂಡು ನೋಡಿ. ಸೀಳುವಾಗ ಸಣ್ಣ ಎಳೆ, ಚಕ್ಕೆ ಬರಬೇಕು. ಮೈದಾಹಿಟ್ಟಿನಂಥ ನುಣ್ಣನೆ ಪುಡಿ ಬರುತ್ತಿದ್ದರೆ ಹಲ್ಲು ಕತ್ತರಿಸುತ್ತಿಲ್ಲ, ಅರೆಯುತ್ತಿದೆ. ಹಲ್ಲು ಸರಿ ಇದ್ದೂ ಹೀಗಾದರೆ ನೀವು ತೀರಾ ನಿಧಾನ ತಳ್ಳುತ್ತಿದ್ದೀರಿ. ಹೆದರಿಕೆಯಿಂದ ನಿಧಾನ ತಳ್ಳುವ ಹೊಸಬರಿಗೆ ಇದನ್ನು ಹೇಳಲೇಬೇಕು. ಬ್ಲೇಡಿನ ಎತ್ತರವೂ ಒಂದು ಸಲ ನೋಡಿಕೊಳ್ಳಿ. ಮರದ ಮೇಲೆ ಹಲ್ಲಿನ ಗುಳಿ ಕಾಣುವಷ್ಟು ಇದ್ದರೆ ಸರಿ.

ಬೆಳಿಗ್ಗೆ ಮೊದಲ ಕೊಯ್ತ ಚೆನ್ನಾಗಿ ಬಂದು, ಸ್ವಲ್ಪ ಹೊತ್ತಾದ ಮೇಲೆ ಬ್ಲೇಡ್ ಅಲೆದಾಡಲು ಶುರು ಮಾಡುತ್ತದೆಯಾ? ತಣ್ಣಗಾದರೆ ಮತ್ತೆ ಸರಿಯಾಗುತ್ತದೆಯಾ? ಹಾಗಿದ್ದರೆ ತಟ್ಟೆಯ ಬಿಗಿ ಹೋಗಿರುವ ಸಾಧ್ಯತೆ ಜಾಸ್ತಿ. ಹಿಂದೆ ಯಾವಾಗಲೋ ಅತಿಯಾಗಿ ಕಾದಿರುತ್ತದೆ, ಕೆಲವು ಸಲ ನೀಲಿ ಅಥವಾ ಕಪ್ಪು ಮಚ್ಚೆಯೂ ಉಳಿದಿರುತ್ತದೆ. ಇದಕ್ಕೆ ಸಾಣೆ ಮದ್ದಲ್ಲ. ತಟ್ಟೆಯನ್ನು ಬಡಿದು ಬಿಗಿ ತರುವುದು ಗೊತ್ತಿರುವವರಿಗೆ ಕೊಡಿ, ಇಲ್ಲ ಬ್ಲೇಡ್ ಬದಲಿಸಿ.

ಬ್ಲೇಡ್ ಅಗಲವಾಗಿ ಕೊಯ್ಯುತ್ತಿದ್ದರೆ, ಅಂದರೆ ಸೀಳು ಹಲ್ಲಿನ ಅಗಲಕ್ಕಿಂತ ಎದ್ದು ಕಾಣುವಷ್ಟು ಜಾಸ್ತಿ ಇದ್ದರೆ, ಅದು ಸೊಟ್ಟ ತಿರುಗುತ್ತಿದೆ. ಹೊಸ ಬ್ಲೇಡಿಗೆ ಓಡುವ ಮೊದಲು ಫ್ಲ್ಯಾಂಜ್, ಅಂದರೆ ಬ್ಲೇಡನ್ನು ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆ, ಒರೆಸಿ. ಫ್ಲ್ಯಾಂಜಿಗೂ ಬ್ಲೇಡಿಗೂ ನಡುವೆ ಸಿಕ್ಕಿದ ಒಂದು ಚೂರು ಹೊಟ್ಟು ಹೊರ ಅಂಚಿನಲ್ಲಿ ಹಲವು ಪಟ್ಟು ದೊಡ್ಡದಾಗಿ ಕಾಣುತ್ತದೆ. ಒರೆಸಿದರೂ ಹೋಗದಿದ್ದರೆ ಡಯಲ್ ಗೇಜನ್ನು ಫ್ಲ್ಯಾಂಜಿನ ಮುಖಕ್ಕೇ ಹಿಡಿದು ಕೈಯಿಂದ ತಿರುಗಿಸಿ. ಅಲ್ಲಿ ಮುಳ್ಳು 0.05 ಮಿ.ಮೀ.ಗಿಂತ ಜಾಸ್ತಿ ಆಡಿದರೆ ಆರ್ಬರ್ (ಬ್ಲೇಡ್ ಕೂರುವ ದಂಡ) ಅಥವಾ ಬೇರಿಂಗ್ ಕಡೆ ನೋಡಬೇಕು. ಆರ್ಬರನ್ನು ಹಿಡಿದು ಅಲುಗಾಡಿಸಿದಾಗ ಟಕ್ ಅಂದರೆ ಬೇರಿಂಗ್ ಹೋಗಿದೆ.

ಮರವೇ ಹಿಡಿದುಕೊಂಡಾಗ

ಅಳತೆಯೆಲ್ಲ ಸರಿ, ಬ್ಲೇಡ್ ಹೊಸದು. ಆದರೂ ಕೆಲವು ಹಲಗೆ ಸುಡುತ್ತವೆ, ಕೆಲವು ಸುಡುವುದಿಲ್ಲ. ಇಂಥ ದೋಷ ಮರದ್ದು. ಅರ್ಧ ಸೀಳಿ, ಹಲಗೆ ಅಲುಗಾಡದ ಹಾಗೆ ಹಿಡಿದು ಮಷೀನ್ ನಿಲ್ಲಿಸಿ ನೋಡಿ. ಸೀಳು ಮುಚ್ಚಿಕೊಂಡು ರೈವಿಂಗ್ ನೈಫನ್ನು (ಸೀಳು ಮುಚ್ಚದ ಹಾಗೆ ಬ್ಲೇಡಿನ ಹಿಂದೆ ನಿಲ್ಲುವ ಲೋಹದ ತಟ್ಟೆ) ಕಚ್ಚಿ ಹಿಡಿದಿದ್ದರೆ ಮರದ ಒಳಗಿನ ಬಿಗಿ ಬಿಡುಗಡೆಯಾಗಿದೆ. ಬಾಗಿ ಬೆಳೆದ ಮರ, ಕೊಂಬೆಯ ಮರ, ಒಲೆಯಲ್ಲಿ ಅವಸರವಾಗಿ ಒಣಗಿಸಿದ ಮರ ಹೀಗೆ ಮಾಡುತ್ತವೆ. ಅವಸರದ ಒಣಗಿಕೆ ಅನ್ನುವ ಅನುಮಾನ ಇದ್ದರೆ ಹಲಗೆಯ ಅಡ್ಡಕ್ಕೆ ಒಂದು ತೆಳು ಹೋಳು ತೆಗೆದು, ನಡುಭಾಗ ಕಿತ್ತು ಎರಡು ಕಾಲಿನ ಚಿಮುಟದ ಆಕಾರ ಮಾಡಿ. ಕಾಲುಗಳು ಒಳಕ್ಕೆ ಬಾಗಿದರೆ ಆ ರಾಶಿಯ ಮರದೊಳಗೆ ಬಿಗಿ ಉಳಿದಿದೆ.

ಅಂಥ ಮರಕ್ಕೆ ರೈವಿಂಗ್ ನೈಫ್ ಇಲ್ಲದೆ ಕೈ ಹಾಕಲೇಬೇಡಿ. ಅದರ ದಪ್ಪ ತಟ್ಟೆಗಿಂತ ಜಾಸ್ತಿ, ಹಲ್ಲಿನ ಅಗಲಕ್ಕಿಂತ ಕಡಿಮೆ ಇರಬೇಕು. ಟೇಬಲ್ ಮಟ್ಟದಲ್ಲಿ ಬ್ಲೇಡಿಗೂ ಅದಕ್ಕೂ 8 ಮಿ.ಮೀ.ಗಿಂತ ಹೆಚ್ಚು ಅಂತರ ಬೇಡ. ತೆಳು ಬ್ಲೇಡ್ ಹಾಕಿ ನೈಫ್ ಹಳೆಯದೇ ಬಿಟ್ಟರೆ ಮರ ಅಲ್ಲೇ ಸಿಕ್ಕಿಕೊಳ್ಳುತ್ತದೆ, ನೀವು ಬ್ಲೇಡನ್ನು ಬೈಯುತ್ತೀರಿ. ಫೆನ್ಸಿನ ಉದ್ದವನ್ನು ನಿಮ್ಮ ಕಡೆಗೆ ಎಳೆಯುವ ಸೌಕರ್ಯ ಇದ್ದರೆ ಅದರ ತುದಿ ಬ್ಲೇಡಿನ ನಡುಮಟ್ಟಕ್ಕೆ ನಿಲ್ಲುವ ಹಾಗೆ ಇಡಿ. ಕೊಯ್ದ ತುಂಡಿಗೆ ಬಾಗಲು ಜಾಗ ಸಿಗುತ್ತದೆ.

ಮೇಪಲ್, ಚೆರ್ರಿಯಂಥ ಮರಗಳು ಸಣ್ಣ ತಪ್ಪಿಗೂ ಸುಟ್ಟುಕೊಳ್ಳುತ್ತವೆ. ಪರೀಕ್ಷೆಗೆ ಅವನ್ನು ಬಳಸಬೇಡಿ. ದಾರಿ ತಪ್ಪುತ್ತೀರಿ.

ಶಕ್ತಿ ಸಾಲದಿದ್ದರೆ

ಮರ ತಾಗಿದ ಕೂಡಲೇ ಮಷೀನಿನ ದನಿ ಕುಗ್ಗುತ್ತದೆಯಾ? ಆಗ ಕಿವಿ ಎರಡು ಕಡೆ ಇರಲಿ. ಮೋಟಾರಿನ ದನಿ ಹಾಗೇ ಇದ್ದು ಬ್ಲೇಡ್ ಮಾತ್ರ ನಿಧಾನವಾದರೆ ಬೆಲ್ಟ್ ಜಾರುತ್ತಿದೆ. ರಬ್ಬರ್ ವಾಸನೆ, ಕಪ್ಪು ಪುಡಿ, ಕೀಚಲು ದನಿ ಸಾಕ್ಷಿ ಹೇಳುತ್ತವೆ. ಎರಡು ಪುಲ್ಲಿಗಳ ನಡುವೆ 400 ಮಿ.ಮೀ. ಅಂತರ ಇದ್ದರೆ ವಿ-ಬೆಲ್ಟ್ ನಡುವೆ ಬೆರಳಿನಿಂದ ಒತ್ತಿದಾಗ 6 ಮಿ.ಮೀ. ಆಸುಪಾಸು ತಗ್ಗಿದರೆ ಸರಿ.

ಮೋಟಾರೇ ಗುಂಯ್ ಅಂತ ನರಳಿದರೆ ಕರೆಂಟ್ ಕಡೆ ನೋಡಿ. ಇಂಡಕ್ಷನ್ ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜ್ 10 ಶೇಕಡಾ ಇಳಿದರೆ ಬಲ ಸುಮಾರು 19 ಶೇಕಡಾ ಇಳಿಯುತ್ತದೆ. ಸುರುಳಿ ಸುತ್ತಿಟ್ಟ ತೆಳು ಎಕ್ಸ್‌ಟೆನ್ಶನ್ ವೈರ್ ಇದ್ದರೆ ಮೊದಲು ಅದನ್ನು ಕಿತ್ತು ನೇರ ಜೋಡಿಸಿ ನೋಡಿ. ತ್ರೀ ಫೇಸ್ ಮಷೀನಿನಲ್ಲಿ ಒಂದು ಫೇಸ್ ಹೋಗಿದ್ದರೂ ಇದೇ ನರಳಿಕೆ. ಆಗ ಒಂದು ಕ್ಷಣವೂ ಓಡಿಸಬೇಡಿ, ಮೋಟಾರಿನ ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ಇದರ ಮುಂದಿನದು ಎಲೆಕ್ಟ್ರಿಷಿಯನ್ ಕೆಲಸ.

ನೇರ ಕೊಯ್ತ ಚೆನ್ನಾಗಿದ್ದು 45 ಡಿಗ್ರಿಗೆ ಬಾಗಿಸಿದಾಗ ಮಾತ್ರ ಸುಡುವ ಮಷೀನ್‌ಗಳೂ ಇವೆ. ಟೇಬಲ್ ಮೇಲ್ಮೈ ಮತ್ತು ಬ್ಲೇಡ್ ಬಾಗುವ ಅಕ್ಷ ಸಮಾನಾಂತರ ಇಲ್ಲದಿದ್ದರೆ ಹೀಗಾಗುತ್ತದೆ. ಟೇಬಲಿನ ಮುಂದಿನ ಅಥವಾ ಹಿಂದಿನ ಮೂಲೆಗಳ ಅಡಿ ತೆಳು ತಗಡಿನ ಶಿಮ್ ಕೊಟ್ಟು, 45 ಡಿಗ್ರಿಯಲ್ಲಿ ಮತ್ತೆ ಹಲ್ಲು ಅಳೆದು ಸರಿಪಡಿಸಬೇಕು. ತಾಳ್ಮೆ ಬೇಡುವ ಕೆಲಸ ಇದು. ಬಾಗಿಸಿ ಕೊಯ್ಯುವುದು ಅಪರೂಪವಾದರೆ ನಾನಾದರೆ ಮುಟ್ಟುವುದಿಲ್ಲ.

ಈಗಾಗಲೇ ಸುಟ್ಟ ತುಂಡುಗಳದ್ದೇನು? ಮೊದಲು ಹೊಟ್ಟಿನ ಚೀಲ ಖಾಲಿ ಮಾಡಿ, ಲೋಹದ ಡಬ್ಬಿಗೆ ಸುರಿದು ಹೊರಗಿಡಿ. ಹೊಗೆ ಬರುವಷ್ಟು ಸುಟ್ಟಿದ್ದರೆ ಕೆಂಡದ ಕಿಡಿ ಚೀಲದ ಒಳಗೆ ಗಂಟೆಗಟ್ಟಲೆ ಮಲಗಿದ್ದು ರಾತ್ರಿ ಹೊತ್ತಿಕೊಳ್ಳಬಹುದು. ತುಂಡುಗಳ ಸುಟ್ಟ ಅಂಚಿಗೆ ನೇರವಾಗಿ ಫೆವಿಕಾಲ್ ಹಾಕಿ ಜೋಡಿಸಬೇಡಿ, ಸುಟ್ಟ ಪದರ ಅಂಟನ್ನು ಸರಿಯಾಗಿ ಹೀರುವುದಿಲ್ಲ. ಜಾಯಿಂಟರಿನಲ್ಲಿ (ಅಂಚು ಹೆರೆದು ನೇರ ಮಾಡುವ ಮಷೀನ್) ಅರ್ಧ ಮಿಲಿಮೀಟರ್ ತೆಗೆದರೆ ಬಹುತೇಕ ಕಲೆ ಹೋಗುತ್ತದೆ. ಜಾಯಿಂಟರ್ ಇಲ್ಲದಿದ್ದರೆ ಕೈ ರಂದಾ ಅಥವಾ ಸ್ಕ್ರೇಪರ್ ಹಿಡಿಯಿರಿ. ಸ್ಯಾಂಡ್ ಪೇಪರ್ ಹಿಡಿದರೆ ಕಪ್ಪು ಪುಡಿ ಎಳೆಯ ಒಳಗೆ ಕೂತು, ಪಾಲಿಶ್ ಹಾಕಿದ ಮೇಲೆ ಎದ್ದು ಕಾಣುತ್ತದೆ.